ಸುರಪುರದ ಸಾಹೇಬ, ಬಿಜಾಪುರದ ಗಾದಿ

ಜೂರಾಲದ ಅಣೆಗೆ ಬಂದು ನಿಲ್ಲುವ ಮೊದಲು ಕೃಷ್ಣೆ ಎಷ್ಟೋ ಸಿಂಹಾಸನಗಳನ್ನು ಹಿಂದೆ ಹಾಕಿ ಬಂದಿರುತ್ತಾಳೆ. ಜಲದುರ್ಗದ ಬಂಡೆಗಳ ನಡುವೆ ಮೂರೇ ಮೈಲಿಯಲ್ಲಿ ನಾನೂರು ಅಡಿಯಷ್ಟು ಕೆಳಗೆ ಧುಮುಕಿ, ತಿಂಥಿಣಿಯ ಮೌನೇಶ್ವರನ ಸನ್ನಿಧಿಯನ್ನು ಹಾದು, ಭೀಮೆಯನ್ನು ಕೂಡಿಕೊಂಡು, ಕುರುಗಡ್ಡೆಯ ದತ್ತಕ್ಷೇತ್ರವನ್ನು ಬಳಸಿ, ಎಡಕ್ಕೆ ಮಕ್ತಲ್ ಸೀಮೆ, ಬಲಕ್ಕೆ ಗದ್ವಾಲ ಸೀಮೆ ಎಂದು ಹಂಚಿ, ಆಮೇಲೆ ಜೂರಾಲದ ಗೇಟುಗಳ ಎದುರು ಹರಡಿ ನಿಲ್ಲುತ್ತಾಳೆ. ಈ ನೀರಿನ ದಡದಲ್ಲಿ ಬಹಮನಿಗಳ ದಂಡು ಇಳಿದಿತ್ತು. ವಿಜಯನಗರದ ಡೇರೆಗಳು ಎದ್ದಿದ್ದವು. ಆದಿಲಶಾಹಿಯ ಸರದಾರರು ಒಬ್ಬರನ್ನೊಬ್ಬರು ಕೆಡವಿದರು, ಮೊಗಲರು ಬಂದರು, ನಿಜಾಮರು ಬಂದರು, ಕಡೆಗೆ ಕುಂಪಣಿಯ ಕಾಗದಪತ್ರ ಬಂತು.

ಗದ್ವಾಲ ಸಂಸ್ಥಾನ ನಿಜಾಮರ ಕಾಲದಲ್ಲಿ ರಾಯಚೂರು ಜಿಲ್ಲೆಗೆ ಸೇರಿತ್ತು ಎಂಬುದು ಇಂದಿನ ಹುಡುಗರಿಗೆ ತಿಳಿದಿರಲಾರದು. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ರಾಯಚೂರು ಜಿಲ್ಲೆಯೆಲ್ಲ ಮೈಸೂರಿಗೆ ಬಂತು, ಗದ್ವಾಲ ಮತ್ತು ಆಲಂಪುರ ಎಂಬ ಎರಡು ತಾಲೂಕುಗಳನ್ನು ಬಿಟ್ಟು. ಗೆರೆ ಕಾಗದದ ಮೇಲೆ ಬಿತ್ತು. ನದಿಯ ಎರಡೂ ದಡದ ಮನೆಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಉಳಿದವು. ಮಕ್ತಲ್, ನಾರಾಯಣಪೇಟೆ, ಕೃಷ್ಣಾ ಭಾಗದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು.

ಈ ಸೀಮೆಯ ರಾಜಕಾರಣವನ್ನು, ಅರಮನೆಯ ಒಳಸಂಚನ್ನು, ಕೋಟೆಬಾಗಿಲ ಮೋಸವನ್ನು ಸಾಲುಸಾಲಾಗಿ ಕಾದಂಬರಿಗಳಲ್ಲಿ ಬರೆದವನು ಒಬ್ಬ ಆಂಗ್ಲ ಅಧಿಕಾರಿ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಅವನ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡುವ ಕೆಲಸವನ್ನು ನಮ್ಮ ಸೀಮೆಯವರೇ ಮಾಡಬೇಕು. ಆ ಕಥೆಗಳ ನೆಲ ನಮ್ಮದು. ಯಾವ ಪುಟದಲ್ಲಿ ಅವನು ಕಂಡದ್ದನ್ನು ಬರೆದ, ಯಾವ ಪುಟದಲ್ಲಿ ಕಟ್ಟಿ ಬರೆದ ಎಂದು ಹೇಳಲು ಲಂಡನ್ನಿನ ವಿಮರ್ಶಕನಿಗಿಂತ ಲಿಂಗಸುಗೂರಿನ ಓದುಗನಿಗೆ ಹೆಚ್ಚಿನ ಅಧಿಕಾರವಿದೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಮುಂಬಯಿಯ ಒಬ್ಬ ವರ್ತಕನ ಬಳಿ ಕೆಲಸ ಸಿಗುತ್ತದೆಂಬ ಭರವಸೆಯ ಮೇಲೆ 1824ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಹಡಗು ಹತ್ತಿದ. ಆ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿತ್ತು. ಅದೇ ವರ್ಷ ನಿಜಾಮರ ಸೇನೆಯಲ್ಲಿ ಹುದ್ದೆ ದೊರೆಯಿತು. ಕುಂಪಣಿಯ ನೇರ ನೌಕರನಲ್ಲದ ಕಾರಣ ದೊಡ್ಡ ಬಡ್ತಿಗಳು ಅವನ ಪಾಲಿಗೆ ಬರಲಿಲ್ಲ. ಆದರೆ ದೊಡ್ಡ ಸಾಹೇಬರು ಕಾಣದ್ದೆಲ್ಲ ಅವನ ಕಣ್ಣಿಗೆ ಬಿತ್ತು. ಪಾರಸಿ ಕಲಿತ, ಉರ್ದು ಕಲಿತ, ಮರಾಠಿ ಕಲಿತ. ಹೈದರಾಬಾದಿನ ಹೆಸರಾಂತ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದ. ಆ ಮನೆತನದಲ್ಲಿ ಹಿಂದುಸ್ತಾನದ ರಕ್ತವೂ ಬೆರೆತಿತ್ತು. ಠಕ್ಕರ ವಿಚಾರಣೆಗಳನ್ನು ಕಣ್ಣಾರೆ ಕಂಡು 1839ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಥಗ್’ ಬರೆದಾಗ ಇಂಗ್ಲೆಂಡಿನಲ್ಲಿ ಅವನ ಹೆಸರು ಮನೆಮಾತಾಯಿತು. ಮರುವರ್ಷ ‘ಟಿಪ್ಪೂ ಸುಲ್ತಾನ್’ ಬಂತು. ಇವೆರಡರ ನಂತರ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನು ಕಾದಂಬರಿಯನ್ನು ಪ್ರಕಟಿಸಲಿಲ್ಲ. ಆ ಅವಧಿಯ ದೊಡ್ಡ ಭಾಗ ಸುರಪುರದಲ್ಲಿ ಕಳೆಯಿತು.

ಸುರಪುರ ಬೇಡ ನಾಯಕರ ರಾಜ್ಯ. ಬಿಜಾಪುರದ ಸುಲ್ತಾನರಿಗೆ ನೆರವಾಗಿ, ಒಮ್ಮೊಮ್ಮೆ ತಲೆನೋವಾಗಿ, ಕೃಷ್ಣಾ ಭೀಮಾ ನಡುವಿನ ಗುಡ್ಡಗಾಡಿನಲ್ಲಿ ಬೆಳೆದದ್ದು. 1686ರಲ್ಲಿ ಬಿಜಾಪುರ ಬಿದ್ದ ಮೇಲೂ ಈ ನಾಯಕರು ಬಗ್ಗಲಿಲ್ಲ. 1705ರಲ್ಲಿ ಔರಂಗಜೇಬ್ ಬಾದಶಹ ಎಂಬತ್ತು ದಾಟಿದ ವಯಸ್ಸಿನಲ್ಲಿ ಖುದ್ದಾಗಿ ಬಂದು ಅವರ ವಾಗಣಗೇರಿಯ ಕೋಟೆಗೆ ಮುತ್ತಿಗೆ ಹಾಕಿದ. ಆಗಿನ ದೊರೆ ಪಿಡ್ಡ ನಾಯಕ ಕೆಲವು ತಿಂಗಳು ಆಟವಾಡಿಸಿ, ಕೊನೆಗೆ ರಾತ್ರೋರಾತ್ರಿ ಜನರೊಡನೆ ಜಾರಿಹೋದ. ಬಾದಶಹನ ಕೈಗೆ ಸಿಕ್ಕಿದ್ದು ಖಾಲಿ ಕೋಟೆ. ಆ ಮುದಿ ದೊರೆ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆಯೂ ಅದೇ ಆಯಿತು. ದೆಹಲಿಯ ಸಿಂಹಾಸನವನ್ನು ಹೀಗೆ ಬರಿಗೈಯಲ್ಲಿ ಕಳುಹಿಸಿದ ಮನೆತನ ಮುಂದೆ ನಜರಾಣೆ, ಕಪ್ಪ, ಸಾಲಗಳ ಭಾರಕ್ಕೆ ಕುಸಿಯತೊಡಗಿತು.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕನಿಗೆ ಏಳು ವರ್ಷ. ರಾಣಿ ಈಶ್ವರಮ್ಮ ಆಡಳಿತ ತನ್ನ ಕೈಯಲ್ಲಿರಬೇಕೆಂದಳು. ತೀರಿಕೊಂಡ ರಾಜನ ತಮ್ಮ ಪಿಡ್ಡ ನಾಯಕ, ಹುಡುಗ ದೊಡ್ಡವನಾಗುವವರೆಗೆ ರಾಜ್ಯಭಾರ ತನಗೆ ಸೇರಬೇಕೆಂದ. ಹೈದರಾಬಾದಿಗೆ ಕಪ್ಪದ ಬಾಕಿ ಏರುತ್ತಿತ್ತು. ಸಾಲ ಕೊಟ್ಟ ಸಾಹುಕಾರರು ಬಾಗಿಲಲ್ಲಿ ಕೂತಿದ್ದರು. ಬೇಡ ಪಡೆಯ ಮುಖಂಡರು ಯಾರ ಕಡೆ ನಿಂತರೆ ತಮಗೆ ಲೇಸೆಂದು ಅಳೆಯುತ್ತಿದ್ದರು. ಇಂಥ ಹೊತ್ತಿನಲ್ಲಿ ಟೇಲರ್ ಸುರಪುರಕ್ಕೆ ಬಂದ.

ಅವನು ಕಂಡದ್ದು ಯಾವ ಕಾದಂಬರಿಗೂ ಕಡಿಮೆಯಿರಲಿಲ್ಲ. ರಾಣಿ ಒಂದು ದಿನ ಒಪ್ಪಿದ್ದನ್ನು ಮರುದಿನ ಮುರಿಯುತ್ತಿದ್ದಳು. ಹೈದರಾಬಾದಿಗೆ ಗುಟ್ಟಾಗಿ ವಕೀಲರನ್ನು ಕಳುಹಿಸುವುದು, ಬೇಡರನ್ನು ಕೋಟೆಗೆ ಕರೆಸುವುದು, ಖಜಾನೆಯನ್ನು ಬರಿದು ಮಾಡುವುದು ಹಗಲಿರುಳೂ ನಡೆದಿತ್ತು. ಟೇಲರ್ ದಂಡಿನ ಬಲವನ್ನು ಹಿಂದಿಟ್ಟು ಮಾತಿನ ಬಲವನ್ನು ಮುಂದಿಟ್ಟ. ಪಿಡ್ಡ ನಾಯಕನನ್ನು ಒಲಿಸಿಕೊಂಡ, ರಾಣಿಯ ಆಪ್ತರನ್ನು ಒಬ್ಬೊಬ್ಬರನ್ನಾಗಿ ದೂರ ಮಾಡಿದ, ಬೇಡ ಮುಖಂಡರೊಡನೆ ಕೂತು ಅವರ ಅಹವಾಲು ಕೇಳಿದ. ಮುಂದಿನ ಹನ್ನೆರಡು ವರ್ಷ, ಅಂದರೆ 1853ರವರೆಗೆ, ಹೆಸರಿಗೆ ಬಾಲರಾಜನ ಪಾಲಕನಾಗಿ, ವ್ಯವಹಾರದಲ್ಲಿ ಸುರಪುರದ ದೊರೆಯಾಗಿ ಇದ್ದ. ಬೋನಾಳದ ಕೆರೆ ಅವನ ಕಾಲದಲ್ಲಿ ಸುಧಾರಣೆ ಕಂಡಿತು; ಇಂದು ಅದು ಪಕ್ಷಿಧಾಮ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಊರವರು ಈಗಲೂ ಟೇಲರ್ ಮಂಜಿಲ್ ಎನ್ನುತ್ತಾರೆ. ರಾಜನಕೋಳೂರು ಸುತ್ತಿನ ಬೃಹತ್ ಶಿಲಾ ಗೋರಿಗಳನ್ನು ಅಗೆದು ಬರೆದಿಟ್ಟವನೂ ಇವನೇ. 1844ರಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಒಂಟಿಯಾದ ಆ ಮನುಷ್ಯನನ್ನು ಸುರಪುರದ ಹುಡುಗ ದೊರೆ ‘ಅಪ್ಪಾ’ ಎಂದು ಕರೆಯುತ್ತಿದ್ದ.

1860ರಲ್ಲಿ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ ಮೇಲೆ ಟೇಲರನ ಎರಡನೆಯ ಬರವಣಿಗೆಯ ಕಾಲ ಮೊದಲಾಯಿತು. 1863ರಲ್ಲಿ ‘ತಾರಾ’, 1865ರಲ್ಲಿ ‘ರಾಲ್ಫ್ ಡಾರ್ನೆಲ್’, 1872ರಲ್ಲಿ ‘ಸೀತಾ’. ಈ ಮೂರನ್ನು ಅವನು ಒಂದೇ ಮಾಲೆಯಾಗಿ ಯೋಚಿಸಿದ್ದ. 1657, 1757, 1857, ಹೀಗೆ ನೂರು ವರ್ಷಕ್ಕೊಂದು. ಮರಾಠರು ಏಳುವ ಕಾಲ ಮೊದಲನೆಯದು, ಪ್ಲಾಸಿಯ ಕಾಲ ಎರಡನೆಯದು, ಸಿಪಾಯಿಗಳ ಬಂಡಾಯದ ಕಾಲ ಮೂರನೆಯದು. ಪ್ಲಾಸಿಯಿಂದ ನೂರನೆಯ ವರ್ಷಕ್ಕೆ ಕುಂಪಣಿಯ ಆಳ್ವಿಕೆ ಮುಗಿಯುತ್ತದೆಂಬ ಭವಿಷ್ಯ ಆಗ ಊರೂರಿನಲ್ಲಿ ಹಬ್ಬಿತ್ತು. ಆ ನಂಬಿಕೆ ಈ ಮಾಲೆಯ ಹಿಂದೆ ನೆರಳಾಗಿ ನಿಂತಿದೆ. ನಾಲ್ಕನೆಯ ದೊಡ್ಡ ಪುಸ್ತಕ ‘ಎ ನೋಬಲ್ ಕ್ವೀನ್’, ಚಾಂದ್ ಬೀಬಿಯ ಕಥೆ. ಅದು ಅಚ್ಚಾಗಿ ಹೊರಬಂದದ್ದು 1878ರಲ್ಲಿ, ಟೇಲರ್ ತೀರಿಕೊಂಡ ಮೇಲೆ.

‘ತಾರಾ’ ಮೂರರಲ್ಲಿ ದೊಡ್ಡದು, ಮೂರರಲ್ಲಿ ಹಿರಿಯದು. ತುಳಜಾಪುರದ ಭವಾನಿ ಗುಡಿಯ ಪಂಡಿತನ ಮಗಳು, ಬಾಲವಿಧವೆ ತಾರಾ ಇದರ ನಾಯಕಿ. ಬಿಜಾಪುರದ ಸರದಾರ ಅಫಜಲಖಾನನ ಮಗ ಫಾಜಿಲ್ ಇದರ ನಾಯಕ. ತಾರಾ ದೇವಿಗೆ ಮುರಳಿಯಾಗಿ ಅರ್ಪಿತಳಾಗುವುದು, ಮೋರೋ ತ್ರಿಮಲ ಎಂಬವನ ಕಾಟಕ್ಕೆ ಸಿಕ್ಕುವುದು, ಚಿತೆಯ ಅಂಚಿನಿಂದ ಪಾರಾಗುವುದು ಒಂದು ಎಳೆ. ಇನ್ನೊಂದು ಎಳೆ ಬಿಜಾಪುರದ ದರಬಾರಿನದು. ವಜೀರ ಖಾನ್ ಮಹಮ್ಮದ್ ಔರಂಗಜೇಬನ ಜತೆ ಗುಟ್ಟಾಗಿ ಪತ್ರವ್ಯವಹಾರ ನಡೆಸುತ್ತಾನೆ. ಆ ಪತ್ರಗಳು ದೆಹಲಿಯಿಂದ ಬಂದ ಒಬ್ಬ ಲಾಲಾನ ಕೈಯಿಂದ ಪಹಾಡಸಿಂಗನೆಂಬ ದರೋಡೆ ನಾಯಕನ ಕೈಗೆ ಬೀಳುತ್ತವೆ. ಕಾಗದದ ತುಣುಕು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋದಂತೆ ಒಂದು ರಾಜ್ಯದ ಆಯುಷ್ಯ ಕಡಿಮೆಯಾಗುತ್ತ ಹೋಗುತ್ತದೆ. ಇತಿಹಾಸದಲ್ಲೂ ಈ ವಜೀರ 1657ರಲ್ಲಿ ಬಿಜಾಪುರದಲ್ಲೇ ಕೊಲೆಯಾದವನು. ಟೇಲರ್ ಆ ಕೊಲೆಯನ್ನು ಬರೆಯುವಾಗ ದರಬಾರು ಹೇಗೆ ಉಸಿರಾಡುತ್ತದೆ ಎಂಬುದು ಅವನಿಗೆ ಗೊತ್ತಿದೆ. ಯುವ ಸುಲ್ತಾನ ಸಿಂಹಾಸನದ ಮೇಲೆ ಕೂತು ಯಾರನ್ನು ನಂಬಬೇಕೆಂದು ತೋಚದೆ ಒಬ್ಬೊಬ್ಬರ ಮುಖ ನೋಡುವ ಪುಟಗಳಲ್ಲಿ ಸುರಪುರದ ಬಾಲರಾಜನ ನೆನಪು ಕೆಲಸ ಮಾಡಿದೆ ಎಂದೇ ನನ್ನ ನಂಬಿಕೆ.

ಒಂದು ದೋಷ ಮಾತ್ರ ಎದ್ದು ಕಾಣುತ್ತದೆ. ಪ್ರತಾಪಗಡದಲ್ಲಿ ಅಫಜಲಖಾನ ಸತ್ತದ್ದು 1659ರ ನವೆಂಬರಿನಲ್ಲಿ. ನೂರು ವರ್ಷದ ಲೆಕ್ಕ ಕೂಡಲೆಂದು ಟೇಲರ್ ಅದನ್ನು 1657ರ ಚೌಕಟ್ಟಿನೊಳಕ್ಕೆ ಎಳೆದು ತಂದ. ಕಾದಂಬರಿಕಾರನಿಗೆ ಇಷ್ಟು ಸ್ವಾತಂತ್ರ್ಯ ಇದ್ದೇ ಇದೆ. ಆದರೆ ಪಂಚಾಂಗಕ್ಕೆ ಕಥೆಯನ್ನು ಹೊಂದಿಸುವ ಈ ಹಟವೇ ಮಾಲೆಯ ಮುಂದಿನ ಎರಡು ಪುಸ್ತಕಗಳನ್ನು ಬಡವಾಗಿಸಿತು.

‘ರಾಲ್ಫ್ ಡಾರ್ನೆಲ್’ ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಹುಟ್ಟಿನ ಕಳಂಕ ಹೊತ್ತ ಆಂಗ್ಲ ತರುಣನೊಬ್ಬ ಬಂಗಾಳಕ್ಕೆ ಬಂದು ಸಿರಾಜುದ್ದೌಲನ ಕಾಲವನ್ನೂ ಪ್ಲಾಸಿಯನ್ನೂ ಕಾಣುತ್ತಾನೆ. ಕಥೆಯ ದೊಡ್ಡ ಪಾಲು ಇಂಗ್ಲೆಂಡಿನಲ್ಲೇ ನಡೆಯುತ್ತದೆ. ಬಂಗಾಳದ ದರಬಾರು ಟೇಲರ್ ಬಾಳಿದ ದರಬಾರಲ್ಲ. ಮುರ್ಷಿದಾಬಾದಿನ ಒಳಸಂಚು, ಮೀರ್ ಜಾಫರನ ಮೋಸ, ಜಗತ್ ಸೇಠರ ಹಣ, ಇವೆಲ್ಲ ಇತಿಹಾಸದಲ್ಲೇ ಕಾದಂಬರಿಗಿಂತ ಗಾಢ. ಪುಸ್ತಕದಲ್ಲಿ ಅವು ದೂರದಿಂದ ಕಂಡಂತೆ ಕಾಣುತ್ತವೆ.

‘ಸೀತಾ’ ಬೇರೆಯೇ ಜಾತಿಯ ಪುಸ್ತಕ. ಸಿರಿಲ್ ಬ್ರಾಂಡನ್ ಎಂಬ ಆಂಗ್ಲ ಅಧಿಕಾರಿ, ಗಂಡನನ್ನು ದರೋಡೆಯಲ್ಲಿ ಕಳೆದುಕೊಂಡ ಸೊನಗಾರ ಕುಲದ ಸೀತಾ ಎಂಬ ವಿಧವೆಯನ್ನು ಮದುವೆಯಾಗುತ್ತಾನೆ. ಅಜ್ರಾಯಿಲ್ ಪಾಂಡೆ ಎಂಬ ಕ್ರೂರಿ ಅವರ ಬೆನ್ನು ಹತ್ತಿ, 1857ರ ಬಂಡಾಯದ ಬೆಂಕಿಯನ್ನು ಹೊತ್ತಿಸುವವರಲ್ಲಿ ಒಬ್ಬನಾಗುತ್ತಾನೆ. ಬಂಡಾಯದ ಕೇವಲ ಹದಿನೈದು ವರ್ಷದ ನಂತರ, ಇಂಗ್ಲೆಂಡಿನಲ್ಲಿ ಭಾರತೀಯರ ಹೆಸರೆತ್ತಿದರೆ ಹಗೆ ಉಕ್ಕುತ್ತಿದ್ದ ಕಾಲದಲ್ಲಿ, ಭಾರತೀಯ ಹೆಣ್ಣೊಬ್ಬಳನ್ನು ಆಂಗ್ಲ ಮನೆಯ ಗೌರವದ ಗೃಹಿಣಿಯಾಗಿ ನಿಲ್ಲಿಸುವುದಕ್ಕೆ ಧೈರ್ಯ ಬೇಕಿತ್ತು. ಆ ಧೈರ್ಯಕ್ಕೆ ಮೇರಿ ಪಾಮರಳ ಸಂಸಾರದ ನೆನಪು ಕಾರಣವಾಗಿರಬಹುದು. ಆದರೆ ಕೊನೆಗೆ ಸೀತಾ ಸಾಯುತ್ತಾಳೆ. ಆಕೆ ಬದುಕಿ ಉಳಿದರೆ ಆ ಮದುವೆಯನ್ನು ಮುಂದೆ ಎಲ್ಲಿಗೆ ಕೊಂಡೊಯ್ಯಬೇಕೆಂಬ ಪ್ರಶ್ನೆಯನ್ನು ಟೇಲರ್ ಎದುರಿಸಲಿಲ್ಲ. ರಾಜಸಭೆಯ ತಂತ್ರ ಈ ಪುಸ್ತಕದಲ್ಲಿ ಕಡಿಮೆ. ಮನಸ್ಸಿನ ತೊಳಲಾಟ ಹೆಚ್ಚು. ಮಾಲೆಯಲ್ಲಿ ಎರಡನೆಯ ಸ್ಥಾನವನ್ನು ನಾನು ಇದಕ್ಕೇ ಕೊಡುತ್ತೇನೆ.

ಮಾಲೆಯ ಹೊರಗೆ ನಿಂತ ‘ಎ ನೋಬಲ್ ಕ್ವೀನ್’ ನಮ್ಮ ಸೀಮೆಯವರು ಮೊದಲು ಓದಬೇಕಾದ ಪುಸ್ತಕ. ಇದರ ಮೊದಲ ಭಾಗ ನಡೆಯುವುದು ಜಲದುರ್ಗದಲ್ಲಿ. ಕೃಷ್ಣೆ ಎರಡಾಗಿ ಕವಲೊಡೆದು, ನಡುಗಡ್ಡೆಯ ಮೇಲಿನ ಕೋಟೆಯನ್ನು ಸುತ್ತುವರಿದು, ಬಂಡೆಯಿಂದ ಬಂಡೆಗೆ ಮೊರೆಯುತ್ತ ಇಳಿಯುವ ಆ ಜಾಗವನ್ನು ಟೇಲರ್ ಬರೆದ ಹಾಗೆ ಬರೆದವರು ವಿರಳ. ಅಬ್ಬಾಸಖಾನನೆಂಬ ಬಿಜಾಪುರದ ತರುಣ ಸರದಾರ, ಜಲದುರ್ಗದ ಮುದಿ ಫಕೀರನ ಮೊಮ್ಮಗಳು ಜೋರಾ, ಅವಳ ಮೇಲೆ ಕಣ್ಣಿಟ್ಟ ಕೋಟೆಯ ಅಧಿಪತಿ ಉಸ್ಮಾನ್ ಬೇಗ್, ನದಿಯ ಆಚೆಯ ಬೇಡ ಪಾಳೆಯಗಾರ ರಂಗ ನಾಯಕ, ಇವರ ಸುತ್ತ ಕಥೆ ಹೆಣೆದಿದೆ. ಮುದಗಲ್ಲಿನ ಕ್ರೈಸ್ತ ನೆಲೆಯೂ ಕಥೆಯೊಳಕ್ಕೆ ಬರುತ್ತದೆ. ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಿಂದಲೂ ಕ್ರೈಸ್ತರಿದ್ದಾರೆ, ಆದ್ದರಿಂದ ಅದು ಕಲ್ಪನೆಯ ಅಲಂಕಾರವಲ್ಲ.

ಚಾಂದ್ ಬೀಬಿಯ ಬದುಕೇ ಒಳಸಂಚುಗಳ ಸರಪಳಿ. ಅಹಮದ್‌ನಗರದ ಹುಸೇನ್ ನಿಜಾಮಶಹನ ಮಗಳು. ಬಿಜಾಪುರದ ಮೊದಲನೆಯ ಅಲಿ ಆದಿಲಶಹನ ರಾಣಿ. 1580ರಲ್ಲಿ ಅಲಿ ಕೊಲೆಯಾದಾಗ ಗಾದಿಗೆ ಬಂದವನು ಅವನ ತಮ್ಮನ ಮಗ ಇಬ್ರಾಹಿಂ, ಒಂಬತ್ತು ವರ್ಷದ ಹುಡುಗ. ಆಮೇಲಿನ ಹತ್ತು ವರ್ಷ ಬಿಜಾಪುರದಲ್ಲಿ ನಡೆದದ್ದನ್ನು ಹೇಳಿದರೆ ಕಟ್ಟುಕಥೆ ಎನ್ನಬೇಕು. ಕಾಮಿಲ್ ಖಾನ್ ಆಡಳಿತ ಹಿಡಿದ, ಸೊಕ್ಕಿದ, ಸತ್ತ. ಕಿಶ್ವರ್ ಖಾನ್ ಬಂದ, ಚಾಂದ್ ಬೀಬಿಯನ್ನು ಸಾತಾರದ ಕೋಟೆಯಲ್ಲಿ ಸೆರೆಯಿಟ್ಟ, ಜನ ಸಿಡಿದೆದ್ದಾಗ ಓಡಿಹೋದ. ಇಖ್ಲಾಸ್ ಖಾನ್ ಬಂದ. ಕೊನೆಗೆ ದಿಲಾವರ್ ಖಾನ್ ಬಂದು ತನಗಿಂತ ಮುಂಚಿನವರನ್ನು ಮೂಲೆಗೊತ್ತಿ, 1590ರವರೆಗೆ ಬಿಗಿಯಾಗಿ ಆಳಿದ. ಹುಡುಗ ಇಬ್ರಾಹಿಂ ಇವರೆಲ್ಲರ ಕೈಯಲ್ಲಿ ಬೆಳೆದು, ಸಂಗೀತಪ್ರಿಯ ಜಗದ್ಗುರು ಬಾದಶಹ ಎನಿಸಿಕೊಂಡದ್ದು ಚಾಂದ್ ಬೀಬಿ ಬಿತ್ತಿದ ಸಂಸ್ಕಾರದ ಫಲ ಎಂದು ನಂಬುವವರಲ್ಲಿ ನಾನೂ ಒಬ್ಬ. ಆಕೆ ಮುಂದೆ ತವರಿಗೆ ಹೋದಳು. 1595ರ ಕೊನೆಯಲ್ಲಿ ಅಕ್ಬರನ ಮಗ ಮುರಾದ್ ಅಹಮದ್‌ನಗರವನ್ನು ಮುತ್ತಿದಾಗ, ಮದ್ದಿಟ್ಟು ಸಿಡಿಸಿದ ಗೋಡೆಯ ಕಂಡಿಯಲ್ಲಿ ಮುಸುಕು ಹಾಕಿಕೊಂಡು ಕತ್ತಿ ಹಿರಿದು ನಿಂತಳು. ಮರುವರ್ಷ ವರಾಡ (ಬೇರಾರ್) ಪ್ರಾಂತವನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡಳು. 1600ರಲ್ಲಿ ಮೊಗಲರು ಮತ್ತೆ ಮುತ್ತಿದಾಗ, ಆಕೆ ಸಂಧಿಯ ಯೋಚನೆ ಮಾಡುತ್ತಿದ್ದಾಳೆಂಬ ಸುದ್ದಿ ಹಬ್ಬಿಸಿ ಅವಳ ಸೈನಿಕರೇ ಅವಳನ್ನು ಕೊಂದರು.

ಈ ಪುಸ್ತಕವನ್ನೂ ‘ತಾರಾ’ವನ್ನೂ ಎದುರುಬದುರು ಇಟ್ಟರೆ ಒಂದು ವ್ಯತ್ಯಾಸ ಹೊಳೆಯುತ್ತದೆ. ‘ತಾರಾ’ದ ಹೆಣೆಗೆ ಬಿಗಿ, ಘಟನೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ‘ನೋಬಲ್ ಕ್ವೀನ್’ ಸಡಿಲು. ನಡುವೆ ಓದುಗನ ತಾಳ್ಮೆಯನ್ನೂ ಬೇಡುತ್ತದೆ. ಆದರೆ ದುಷ್ಟರ ಚಿತ್ರಣದಲ್ಲಿ ಕೊನೆಗಾಲದ ಟೇಲರ್ ‘ತಾರಾ’ ಬರೆದ ಟೇಲರನಿಗಿಂತ ದೊಡ್ಡವನು. ‘ತಾರಾ’ದ ಮೋರೋ ತ್ರಿಮಲ ಮೊದಲಿಂದ ಕೊನೆಯವರೆಗೆ ಕೆಟ್ಟವನೇ. ‘ನೋಬಲ್ ಕ್ವೀನ್’ನಲ್ಲಿ ಬಿಜಾಪುರದ ಸರದಾರರು ಎಲ್ಲರೂ ಸ್ವಲ್ಪ ಸ್ವಲ್ಪ ತಪ್ಪುಮಾಡುತ್ತ, ಎಲ್ಲರೂ ತಮ್ಮ ತಪ್ಪಿಗೆ ರಾಜ್ಯಹಿತದ ಹೆಸರಿಡುತ್ತ, ಎಲ್ಲರೂ ಸೇರಿ ಒಬ್ಬ ಸಜ್ಜನ ಹೆಣ್ಣನ್ನು ಒಂಟಿಯಾಗಿಸುತ್ತಾರೆ. ಬೇಡ ರಂಗ ನಾಯಕನನ್ನು ನೋಡಿ. ಆಗಿನ ಆಂಗ್ಲ ಲೇಖಕರು ಬೇಡರನ್ನು ಲೂಟಿಕೋರರೆಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಇಲ್ಲಿ ಆ ನಾಯಕ ಕೊಟ್ಟ ಮಾತಿಗೆ ತಪ್ಪದವನು, ಅವಸರದಲ್ಲಿ ಕೈಹಿಡಿಯುವವನು. ಹನ್ನೆರಡು ವರ್ಷ ಸುರಪುರದ ಬೇಡ ಮುಖಂಡರ ಜತೆ ಕೂತು ಎದ್ದವನಿಗೆ ಮಾತ್ರ ಇದು ಸಾಧ್ಯ. ರಾಜಕಾರಣದ ತಂತ್ರ ಬೇಕೆನ್ನುವವರು ‘ತಾರಾ’ ಓದಲಿ; ನೆಲದ ಸತ್ಯ, ಸೋತವರ ಘನತೆ ಬೇಕೆನ್ನುವವರಿಗೆ ‘ನೋಬಲ್ ಕ್ವೀನ್’.

ಎಲ್ಲಕ್ಕಿಂತ ದೊಡ್ಡ ಕಥೆಯನ್ನು ಟೇಲರ್ ಕಾದಂಬರಿಯಾಗಿ ಬರೆಯಲೇ ಇಲ್ಲ. ಅದು ಸುರಪುರದ ಕಥೆ. ಅವನ ಆತ್ಮಕಥೆ ‘ದ ಸ್ಟೋರಿ ಆಫ್ ಮೈ ಲೈಫ್’ 1877ರಲ್ಲಿ, ಮಗಳು ಆಲಿಸಳ ಸಂಪಾದನೆಯಲ್ಲಿ ಹೊರಬಂತು. ಅದರೊಳಗಿನ ಸುರಪುರದ ಅಧ್ಯಾಯಗಳು ಅವನ ಯಾವ ಕಾದಂಬರಿಗಿಂತಲೂ ಎದೆ ಹಿಂಡುತ್ತವೆ.

ಅಲ್ಲಿ ಒಂದು ಜಾತಕದ ಕಥೆಯಿದೆ. ರಾಣಿ ಈಶ್ವರಮ್ಮ ಕಾಯಿಲೆ ಬಿದ್ದು, ಸಾವು ಹತ್ತಿರವಾಯಿತೆಂದು ಭಾವಿಸಿ ಟೇಲರನನ್ನು ಕರೆಸಿದಳಂತೆ. ಮಗನ ಜಾತಕದ ಗುಟ್ಟು ಆಗ ಅವನ ಕಿವಿಗೆ ಬಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಈ ದೊರೆ ಸಾಯುತ್ತಾನೆ, ಎಂದು ಅರಮನೆಯ ಜೋಯಿಸ ಹೇಳಿದ್ದ. ಗುಟ್ಟು ಬೆರಳೆಣಿಕೆಯ ಜನರ ನಡುವೆ ಉಳಿಯಿತು. ಟೇಲರ್ ಆಗ ಅದನ್ನು ನಂಬಲಿಲ್ಲ.

1853ರಲ್ಲಿ ವೆಂಕಟಪ್ಪ ನಾಯಕನಿಗೆ ರಾಜ್ಯವನ್ನು ಒಪ್ಪಿಸಿ ಟೇಲರ್ ನಳದುರ್ಗದ ಕಡೆ ಹೋದ. ಮುಂದಿನ ಐದು ವರ್ಷದಲ್ಲಿ ಕಟ್ಟಿದ್ದೆಲ್ಲ ಸಡಿಲಿತು. 1857ರ ಗಾಳಿ ದಕ್ಷಿಣಕ್ಕೂ ಬೀಸಿದಾಗ ಯುವ ದೊರೆಯ ಬಳಿಗೆ ದೂರದೂರದಿಂದ ಗುಪ್ತದೂತರು ಬಂದರು. 1858ರ ಫೆಬ್ರವರಿಯಲ್ಲಿ ಸುರಪುರದ ಕೋಟೆಯೆದುರು ಕಾಳಗ ನಡೆಯಿತು. ಕುಂಪಣಿಯ ಕ್ಯಾಪ್ಟನ್ ನ್ಯೂಬೆರಿ ಅಲ್ಲಿ ಬಿದ್ದ. ಎರಡೂ ಕಡೆಯಿಂದ ದೊಡ್ಡ ದಂಡು ಬರುತ್ತಿದೆ ಎಂದು ಕೇಳಿ ವೆಂಕಟಪ್ಪ ನಾಯಕ ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮರ ದಿವಾನ ಸಾಲಾರ್ ಜಂಗರ ಆಡಳಿತ ಅವನನ್ನು ಹಿಡಿದು ಕುಂಪಣಿಯ ರೆಸಿಡೆಂಟರಿಗೆ ಒಪ್ಪಿಸಿತು.

ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಎತ್ತಿ ಬೆಳೆಸಿದ ಹುಡುಗ, ಬೇಡಿಯಲ್ಲಿ. ಬಂಡಾಯಕ್ಕೆ ಹುರಿದುಂಬಿಸಿದವರ ಹೆಸರು ಹೇಳಿದರೆ ಶಿಕ್ಷೆ ಕಡಿಮೆಯಾದೀತೆಂಬ ಮಾತು ಬಂದಾಗ ಅವನು ಒಬ್ಬರ ಹೆಸರನ್ನೂ ಹೇಳಲಿಲ್ಲ. ಸೆರೆಯಲ್ಲಿ ಬದುಕುವುದು ಬೇಡರ ಕುಲದ ಕಡೆಯವನಿಂದಲೂ ಆಗದು, ತನ್ನಿಂದ ಹೇಗೆ ಆದೀತು ಎಂಬುದು ಅವನ ನಿಲುವಾಗಿತ್ತು. ಮರಣದಂಡನೆ ಹಂತಹಂತವಾಗಿ ಇಳಿದು ಕೊನೆಗೆ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ನಿಂತಿತು. ನಂತರ ರಾಜ್ಯ ಮರಳುವ ಆಸೆಯೂ ಉಳಿದಿತ್ತು. ಜೋಯಿಸನ ಮಾತು ಸುಳ್ಳಾಯಿತೆಂದು ಟೇಲರ್ ಹಿಗ್ಗಿದ. ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲು ವೆಂಕಟಪ್ಪ ನಾಯಕನ ಕೈಗೆ ಬಂತು. ಗುಂಡು ಹಾರಿತು. ದೊರೆಗೆ ಆಗ ಇಪ್ಪತ್ತನಾಲ್ಕನೆಯ ವಯಸ್ಸು. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಕೊಟ್ಟರು. ಸಂಸ್ಥಾನ ಮುಗಿಯಿತು.

ಟೇಲರ್ ಇದನ್ನು ಕಾದಂಬರಿಯಾಗಿ ಏಕೆ ಬರೆಯಲಿಲ್ಲ? ನನ್ನ ಅಭಿಪ್ರಾಯ ಇದು: ಬಿಜಾಪುರದ ವಜೀರರನ್ನು ಬರೆಯುವಾಗ ಅವನು ಹೊರಗಿನ ಸಾಕ್ಷಿ. ಸುರಪುರದಲ್ಲಿ ಅವನೇ ವಜೀರ. ಬಾಲರಾಜನ ಹೆಸರಿನಲ್ಲಿ ಆಳಿದ ದಿಲಾವರ್ ಖಾನನನ್ನು ತೂಗುವ ತಕ್ಕಡಿಯಲ್ಲಿ ತನ್ನನ್ನೂ ಇಡಬೇಕಾಗುತ್ತಿತ್ತು. ಅವನು ಒಳ್ಳೆಯ ಪಾಲಕನಾಗಿದ್ದ, ಹುಡುಗನನ್ನು ನಿಜವಾಗಿ ಪ್ರೀತಿಸಿದ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಾಯಿಯನ್ನು ಮಗನಿಂದ ದೂರವಿಟ್ಟವನೂ ಅವನೇ. ಅವನ ಪುಸ್ತಕದಲ್ಲಿ ಈಶ್ವರಮ್ಮ ಚಂಚಲೆ, ಕ್ರೂರಿ, ಮಗನನ್ನೇ ದ್ವೇಷಿಸಿದವಳು. ಗಂಡ ಸತ್ತ ಮೇಲೆ, ಸಾಲದಲ್ಲಿ ಮುಳುಗಿದ, ಹೈದರಾಬಾದಿನ ವಕೀಲರೂ ಕುಂಪಣಿಯ ಸಾಹೇಬರೂ ಎರಡು ಕಡೆಯಿಂದ ಎಳೆಯುತ್ತಿದ್ದ ರಾಜ್ಯದಲ್ಲಿ ಒಬ್ಬ ಹೆಣ್ಣು ಅಧಿಕಾರವನ್ನು ಬಿಡೆನೆಂದು ಹಿಡಿದು ನಿಂತಳು. ಅದೇ ಹಟವನ್ನು ಚಾಂದ್ ಬೀಬಿಯಲ್ಲಿ ಕಂಡಾಗ ಟೇಲರ್ ಅದನ್ನು ಉದಾತ್ತವೆಂದ. ತನ್ನೆದುರು ಕಂಡಾಗ ದುರ್ಗುಣವೆಂದ. ಅವನ ಇಡೀ ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ಕೊರತೆ ನನಗೆ ಕಾಣುವುದಿಲ್ಲ.

ಚಿತ್ರದುರ್ಗದ ನಾಯಕರ ಏಳುಬೀಳನ್ನು ತ.ರಾ.ಸು. ‘ಕಂಬನಿಯ ಕುಯಿಲಿ’ನಿಂದ ‘ದುರ್ಗಾಸ್ತಮಾನ’ದವರೆಗೆ ಎಂಟು ಕಾದಂಬರಿಗಳಲ್ಲಿ ಕಟ್ಟಿಕೊಟ್ಟರು. ಕೊಡಗಿನ ಕಡೆಯ ಅರಸನ ಪತನವನ್ನು ಮಾಸ್ತಿ ‘ಚಿಕವೀರ ರಾಜೇಂದ್ರ’ದಲ್ಲಿ ಬರೆದು, ತಪ್ಪು ಮಾಡಿದ ದೊರೆಗೂ ಅವನ ಪಾಲಿನ ಮನುಷ್ಯತ್ವವನ್ನು ಕೊಟ್ಟರು. ಆ ಎತ್ತರದ ಕಾದಂಬರಿ ಮಾಲೆಯೊಂದು ಕೃಷ್ಣಾ ತೀರಕ್ಕೂ ಸಲ್ಲಬೇಕು. ವಾಗಣಗೇರಿಯ ಮುತ್ತಿಗೆಯಿಂದ ಮೊದಲಾಗಿ, ಈಶ್ವರಮ್ಮನ ಬಾಯಿಂದ, ಅವಳ ಮೈದುನ ಪಿಡ್ಡ ನಾಯಕನ ಕಡೆಯಿಂದ, ಹೆಸರು ಹೇಳದೆ ಸತ್ತ ಆ ಯುವ ದೊರೆಯ ಎದೆಯೊಳಗಿಂದ ಅದು ಹೊರಡಬೇಕು. ನಿಜಾಮರ ಕಾಲದ ಕಾಗದಪತ್ರಗಳು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ ಇವೆ. ಪಾರಸಿ ಮತ್ತು ಉರ್ದು ಓದಬಲ್ಲ, ಕನ್ನಡದಲ್ಲಿ ಬರೆಯಬಲ್ಲ, ತೆಲುಗಿನ ಹಾಡುಗಬ್ಬ ಕೇಳಬಲ್ಲ ತರುಣ ತರುಣಿಯರು ಮಕ್ತಲ್, ನಾರಾಯಣಪೇಟೆ, ಗದ್ವಾಲ, ರಾಯಚೂರು, ಸುರಪುರಗಳಲ್ಲಿ ಬೇರೆಲ್ಲಿಗಿಂತ ಹೆಚ್ಚಾಗಿ ಸಿಗುತ್ತಾರೆ. ಅವರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಲಿ, ಟೇಲರನ ಪುಸ್ತಕಗಳನ್ನು ಮೊದಲು ಓದಿಕೊಂಡು.